ಹೊಟ್ಟೆಯ ಲ್ಯಾಪ್ರೊಸ್ಕೋಪಿ, ರೋಬೋಟಿಕ್ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ: ವೈದ್ಯರ ಕೈಪಳಗಿಕೆಯನ್ನು ಕೇಳಿ ತಿಳಿಯುವ ಕ್ರಮ

ಪಿತ್ತಕೋಶದ ಹರಳು, ತೊಡೆಸಂದಿನ ಹರ್ನಿಯಾ, ಗರ್ಭಕೋಶದ ಗಡ್ಡೆ, ದೊಡ್ಡ ಕರುಳಿನ ಕ್ಯಾನ್ಸರ್, ಹೀಗೆ ಕಾಯಿಲೆ ಯಾವುದೇ ಇರಲಿ, ರೋಣ, ಮುಂಡರಗಿ, ಹಾನಗಲ್ಲ, ಹಿರೇಕೆರೂರಿನ ಕಡೆಯಿಂದ ಸ್ಕ್ಯಾನಿಂಗ್ ವರದಿ ಹಿಡಿದು ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಕುಟುಂಬಗಳು ಶಸ್ತ್ರವೈದ್ಯರ ಮುಂದೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಖರ್ಚು ಎಷ್ಟಾಗುತ್ತದೆ, ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು, ಗಾಯ ಎಷ್ಟು ದೊಡ್ಡದು, ಹೊಲದ ಕೆಲಸಕ್ಕೆ ಯಾವಾಗ ಮರಳಬಹುದು. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುವ ಇನ್ನೊಂದು ಪ್ರಶ್ನೆ ಸಂಕೋಚದಿಂದಲೋ ಭಯದಿಂದಲೋ ಬಾಯಿಗೆ ಬರುವುದೇ ಇಲ್ಲ: ಇದೇ ಶಸ್ತ್ರಚಿಕಿತ್ಸೆಯನ್ನು, ಇದೇ ವಿಧಾನದಲ್ಲಿ, ಈ ವೈದ್ಯರು ಈವರೆಗೆ ಎಷ್ಟು ಬಾರಿ ಮಾಡಿದ್ದಾರೆ?

ಯಾವುದೇ ಹೊಸ ವಿಧಾನವನ್ನು ಕಲಿಯುವಾಗ ಮೊದಲ ಪ್ರಕರಣಗಳಿಗೆ ಸಮಯ ಹೆಚ್ಚು ಹಿಡಿಯುತ್ತದೆ, ತೊಡಕುಗಳೂ ಹೆಚ್ಚಿರುತ್ತವೆ. ಕೈ ಪಳಗುತ್ತ ಹೋದಂತೆ ಎರಡೂ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತವೆ. ಈ ಇಳಿಕೆಯನ್ನು ನಕ್ಷೆಯಲ್ಲಿ ಗುರುತಿಸಿದಾಗ ಕಾಣುವುದನ್ನು ಕಲಿಕಾ ರೇಖೆ ಎನ್ನುತ್ತಾರೆ. 1936ರಲ್ಲಿ ಟಿ.ಪಿ. ರೈಟ್ ಎಂಬ ಎಂಜಿನಿಯರ್ ವಿಮಾನ ತಯಾರಿಕೆಯಲ್ಲಿ ಇದನ್ನು ಲೆಕ್ಕ ಹಾಕಿ, ಒಟ್ಟು ತಯಾರಿಕೆ ಇಮ್ಮಡಿಯಾದಾಗಲೆಲ್ಲ ಒಂದು ವಿಮಾನಕ್ಕೆ ತಗಲುವ ದುಡಿಮೆ ಸುಮಾರು ಶೇ 20ರಷ್ಟು ತಗ್ಗುತ್ತದೆ ಎಂದು ತೋರಿಸಿದರು. ಕಾರ್ಖಾನೆಯಲ್ಲಿ ಕಲಿಕೆಯ ಬೆಲೆಯನ್ನು ಮಾಲೀಕರು ತೆರುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆರುವವರು ರೋಗಿಗಳು. ಕಲಿಕೆಯಿಲ್ಲದೆ ನುರಿತ ವೈದ್ಯರು ಹುಟ್ಟುವುದಿಲ್ಲ ಎಂಬುದು ಎಷ್ಟು ನಿಜವೋ, ಆ ಕಲಿಕೆ ರೋಗಿಗೆ ತಿಳಿದೇ, ಹಿರಿಯರ ಕಣ್ಣಳತೆಯಲ್ಲೇ, ಪ್ರತಿಯೊಂದು ಪ್ರಕರಣದ ಲೆಕ್ಕ ಇಟ್ಟುಕೊಂಡೇ ನಡೆಯಬೇಕು ಎಂಬುದೂ ಅಷ್ಟೇ ನಿಜ. ಈ ಲೇಖನದ ಹೆಜ್ಜೆಗಳೆಲ್ಲ ಆ ಒಂದು ನಂಬಿಕೆಯ ಮೇಲೆ ನಿಂತಿವೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಇಲ್ಲಿ ಹೇಳಿರುವುದು ಮುಂಚಿತವಾಗಿ ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಗಳಿಗೆ ಮಾತ್ರ ಅನ್ವಯಿಸುತ್ತದೆ. ಅಪೆಂಡಿಕ್ಸ್ ಒಡೆದಾಗ, ಕರುಳಿನಲ್ಲಿ ರಂಧ್ರವಾದಾಗ, ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಾಗ ಹತ್ತಿರದ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಬೇಕೇ ಹೊರತು ಪ್ರಶ್ನೆಗಳ ಪಟ್ಟಿ ಹಿಡಿದು ಊರೂರು ಅಲೆಯಬಾರದು.

ಕೈ ಪಳಗಲು ಇಷ್ಟು ಕಾಲ ಏಕೆ ಬೇಕು

ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಕಣ್ಣು ಅಂಗವನ್ನು ನೇರವಾಗಿ ನೋಡುತ್ತದೆ, ಬೆರಳು ಅದನ್ನು ಮುಟ್ಟಿ ಅಳೆಯುತ್ತದೆ. ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ತೂರಿಸಲಾಗುತ್ತದೆ. ಆಳವಿರುವ ಅಂಗವನ್ನು ಚಪ್ಪಟೆಯಾದ ಪರದೆಯಲ್ಲಿ ನೋಡಿ ಅಂದಾಜಿಸಬೇಕು. ಉಪಕರಣವು ಹೊಟ್ಟೆಯ ಗೋಡೆಯ ರಂಧ್ರದಲ್ಲಿ ಆನಿಕೊಂಡು ತಿರುಗುವುದರಿಂದ, ಏತದ ಮರದಂತೆ, ಹಿಡಿಯನ್ನು ಬಲಕ್ಕೆ ಸರಿಸಿದರೆ ತುದಿ ಎಡಕ್ಕೆ ಹೋಗುತ್ತದೆ, ಹಿಡಿ ಕೆಳಗಿಳಿದರೆ ತುದಿ ಮೇಲೇಳುತ್ತದೆ. ಸ್ಪರ್ಶ ಜ್ಞಾನ ಬಹಳಷ್ಟು ಕಡಿಮೆಯಾಗುತ್ತದೆ. ಇದರ ಜೊತೆಗೆ ಕ್ಯಾಮೆರಾ ಹಿಡಿದಿರುವವರು ಇನ್ನೊಬ್ಬರು. ಅವರ ಕೈ ನಡುಗಿದರೆ ವೈದ್ಯರ ಕಣ್ಣೇ ನಡುಗಿದಂತೆ.

ರೋಬೋಟ್ ಈ ತೊಂದರೆಗಳಲ್ಲಿ ಕೆಲವನ್ನು ನಿಜವಾಗಿಯೂ ನಿವಾರಿಸುತ್ತದೆ. ಅಂಗಗಳು ಆಳ ಸಮೇತ ಕಾಣುತ್ತವೆ, ಉಪಕರಣದ ತುದಿ ಮಣಿಕಟ್ಟಿನಂತೆ ಬಾಗುತ್ತದೆ, ಕೈಯ ನಡುಕ ತುದಿಯವರೆಗೆ ತಲುಪುವುದಿಲ್ಲ, ಕ್ಯಾಮೆರಾ ವೈದ್ಯರ ಹತೋಟಿಯಲ್ಲೇ ಇರುತ್ತದೆ. ಆದರೆ ಇಂದು ಬಳಕೆಯಲ್ಲಿರುವ ಬಹುಪಾಲು ಯಂತ್ರಗಳಲ್ಲಿ ಸ್ಪರ್ಶ ಜ್ಞಾನ ಇಲ್ಲವೇ ಇಲ್ಲ ಎನ್ನಬಹುದು; ದಾರವನ್ನು ಎಷ್ಟು ಎಳೆದರೆ ಹರಿಯುತ್ತದೆ ಎಂಬುದನ್ನು ಕಣ್ಣಿನಿಂದಲೇ ತಿಳಿಯಬೇಕು. ವೈದ್ಯರು ರೋಗಿಯ ಪಕ್ಕದಲ್ಲಿರುವುದಿಲ್ಲ, ಕೆಲವು ಅಡಿಗಳಾಚೆ ನಿಯಂತ್ರಣ ಪೀಠದಲ್ಲಿ ಕುಳಿತಿರುತ್ತಾರೆ. ಯಂತ್ರದ ತೋಳುಗಳನ್ನು ರೋಗಿಗೆ ಜೋಡಿಸುವುದು, ಉಪಕರಣ ಬದಲಿಸುವುದು, ರಕ್ತಸ್ರಾವವಾದಾಗ ತೋಳುಗಳನ್ನು ತಕ್ಷಣ ಬಿಡಿಸುವುದು, ಇವೆಲ್ಲ ಮೇಜಿನ ಬಳಿಯ ಸಹಾಯಕರು ಮತ್ತು ದಾದಿಯರ ಕೆಲಸ. ಹಾಗಾಗಿ ರೋಬೋಟಿನಲ್ಲಿ ವೈದ್ಯರೊಬ್ಬರಷ್ಟೇ ಅಲ್ಲ, ಇಡೀ ತಂಡವೇ ಕಲಿಯಬೇಕಾಗುತ್ತದೆ. ಈ ಯಂತ್ರ ತಾನಾಗಿ ಏನನ್ನೂ ಕೊಯ್ಯುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಯಂತ್ರವೇ ಆಪರೇಷನ್ ಮಾಡುತ್ತದೆ, ಆದ್ದರಿಂದ ವೈದ್ಯರು ಯಾರಾದರೂ ನಡೆಯುತ್ತದೆ ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಸಾಕಷ್ಟಿದೆ.

ಕಲಿಕೆಯ ಬೆಲೆ ಎಷ್ಟಿರಬಹುದು ಎಂಬುದನ್ನು ಜಗತ್ತಿಗೆ ಕಲಿಸಿದ್ದು ಪಿತ್ತಕೋಶದ ಶಸ್ತ್ರಚಿಕಿತ್ಸೆ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲ ಬಾರಿಗೆ ಲ್ಯಾಪ್ರೊಸ್ಕೋಪಿಯಿಂದ ಪಿತ್ತಕೋಶ ತೆಗೆದರು. ಫ್ರಾನ್ಸಿನ ಫಿಲಿಪ್ ಮೂರೆ 1987ರಲ್ಲಿ. ನಮ್ಮ ದೇಶದಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ 1990ರಲ್ಲಿ. ವಿಧಾನ ಬಹಳ ಬೇಗ ಹರಡಿತು, ಅದರ ಬೆನ್ನಿಗೇ, ಪಿತ್ತರಸವನ್ನು ಯಕೃತ್ತಿನಿಂದ ಕರುಳಿಗೆ ಒಯ್ಯುವ ಪಿತ್ತನಾಳಕ್ಕೆ ಆಗುವ ಗಾಯಗಳೂ ಹೆಚ್ಚಿದವು. ಅಮೆರಿಕದ ದಕ್ಷಿಣ ರಾಜ್ಯಗಳ ಶಸ್ತ್ರವೈದ್ಯರು 1991ರಲ್ಲಿ 1,518 ಪ್ರಕರಣಗಳ ಲೆಕ್ಕವನ್ನು ಬಹಿರಂಗವಾಗಿ ಮುಂದಿಟ್ಟರು: ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳದ ಗಾಯ ಶೇ 2.2ರಷ್ಟಿತ್ತು, ಆ ನಂತರದವರಲ್ಲಿ ಶೇ 0.1. 1995ರ ಇನ್ನೊಂದು ಅಧ್ಯಯನದಲ್ಲಿ 55 ವೈದ್ಯರ 8,839 ಪ್ರಕರಣಗಳನ್ನು ನೋಡಿದಾಗ, ಗಾಯಗಳಲ್ಲಿ ಶೇ 90ರಷ್ಟು ಆಯಾ ವೈದ್ಯರ ಮೊದಲ 30 ಪ್ರಕರಣಗಳೊಳಗೇ ಆಗಿದ್ದವು. ಸಾಮಾನ್ಯ ಪಿತ್ತನಾಳಕ್ಕೆ ಪೆಟ್ಟಾದರೆ ಅದು ಒಂದು ವಾರದ ನೋವಲ್ಲ. ಮತ್ತೆ ದೊಡ್ಡ ಶಸ್ತ್ರಚಿಕಿತ್ಸೆ, ವರ್ಷಗಟ್ಟಲೆ ಯಕೃತ್ತಿನ ತೊಂದರೆ, ಕೆಲವೊಮ್ಮೆ ಜೀವಕ್ಕೇ ಅಪಾಯ. ಆ ಅಂಕಿಗಳನ್ನು ಮುಚ್ಚಿಡದೆ ಹೊರಗಿಟ್ಟ ವೈದ್ಯರಿಗೆ ನಾವೆಲ್ಲ ಋಣಿಗಳಾಗಿರಬೇಕು, ಏಕೆಂದರೆ ಇಂದಿನ ತರಬೇತಿಯ ಕ್ರಮಗಳಲ್ಲಿ ಹಲವು ಅಲ್ಲಿಂದ ಬೆಳೆದವು.

ಮೊದಲ ಹೆಜ್ಜೆ: ಶಸ್ತ್ರಚಿಕಿತ್ಸೆಯ ಪೂರ್ತಿ ಹೆಸರನ್ನು ಬರೆಸಿಕೊಳ್ಳಿ

"ಹೊಟ್ಟಿ ಆಪರೇಷನ್" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಯಾವ ಅಂಗ, ಅದರ ಎಷ್ಟು ಭಾಗ, ಯಾವ ವಿಧಾನ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಲು ವೈದ್ಯರನ್ನು ವಿನಂತಿಸಿ. ಕಲಿಕಾ ರೇಖೆ ವೈದ್ಯರಿಗೆ ಒಂದೇ ಇರುವುದಿಲ್ಲ, ಪ್ರತಿಯೊಂದು ಶಸ್ತ್ರಚಿಕಿತ್ಸೆಗೂ ಬೇರೆಬೇರೆ ಇರುತ್ತದೆ. ಸಾವಿರ ಪಿತ್ತಕೋಶ ತೆಗೆದ ಕೈಗೂ ಗುದನಾಳದ ಕ್ಯಾನ್ಸರ್ ಹೊಸದೇ ಆಗಿರಬಹುದು.

ಸಾಮಾನ್ಯ ಪಿತ್ತಕೋಶ ಮತ್ತು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಳಲ್ಲಿ ಇಂದಿನ ವೈದ್ಯರು ಎಂ.ಎಸ್. ಓದುವಾಗಲೇ ಪಳಗಲು ಆರಂಭಿಸುತ್ತಾರೆ. ತೊಡೆಸಂದಿನ ಹರ್ನಿಯಾ ನೋಡಲು ಸಣ್ಣದಾದರೂ ಲ್ಯಾಪ್ರೊಸ್ಕೋಪಿಯಲ್ಲಿ ಕಠಿಣ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅದಕ್ಕೆ 50ರಿಂದ 100 ಪ್ರಕರಣಗಳು ಬೇಕು, ಅದರಲ್ಲೂ ಮೊದಲ 30ರಿಂದ 50 ಅತಿ ನಾಜೂಕಿನವು. ದೊಡ್ಡ ಕರುಳಿನ ಲ್ಯಾಪ್ರೊಸ್ಕೋಪಿಗೆ 2005ರ ಒಂದು ಪ್ರಸಿದ್ಧ ಲೆಕ್ಕಾಚಾರ ಬಲಭಾಗಕ್ಕೆ 55, ಎಡಭಾಗಕ್ಕೆ 62 ಪ್ರಕರಣ ಎಂದಿತು. ಲ್ಯಾಪ್ರೊಸ್ಕೋಪಿಯಲ್ಲಿ ಈಗಾಗಲೇ ನುರಿತಿದ್ದ ಶಸ್ತ್ರವೈದ್ಯರೊಬ್ಬರು ರೋಬೋಟಿಗೆ ಬದಲಾದಾಗಿನ 2011ರ ಅಧ್ಯಯನದಲ್ಲಿ, ಸಮಯದ ಲೆಕ್ಕದಲ್ಲಿ ಮೊದಲ 15 ಪ್ರಕರಣ ಕಲಿಕೆಯದ್ದು, ಮುಂದಿನ 10 ಗಟ್ಟಿಗೊಳ್ಳುವ ಹಂತ, ಅಲ್ಲಿಂದಾಚೆಗೆ ಹಿಡಿತ ಬಂತು ಎಂದು ಕಂಡುಬಂತು. ಹಳೆಯ ಪಳಗಿಕೆ ಹೊಸ ಯಂತ್ರಕ್ಕೂ ಸಾಕಷ್ಟು ನೆರವಾಗುತ್ತದೆ, ಆದರೆ ಕಲಿಕೆಯನ್ನು ಪೂರ್ತಿ ಅಳಿಸಿಹಾಕುವುದಿಲ್ಲ ಎಂದು ಇದರಿಂದ ತಿಳಿಯಬಹುದು. ಈ ಸಂಖ್ಯೆಗಳನ್ನು ಪಾಸು-ನಪಾಸಿನ ಗೆರೆಯಂತೆ ಹಿಡಿಯಬಾರದು. ವೈದ್ಯರಿಂದ ವೈದ್ಯರಿಗೆ, ತರಬೇತಿಯಿಂದ ತರಬೇತಿಗೆ ಅವು ಬದಲಾಗುತ್ತವೆ. ಹತ್ತು ಮತ್ತು ಐವತ್ತರ ನಡುವೆ ಅಂತರ ಇದೆ ಎಂಬುದನ್ನು ಅರಿಯಲು ಮಾತ್ರ ಅವು ಸಾಕು.

ಎಲ್ಲಕ್ಕಿಂತ ಕಠಿಣವಾದದ್ದು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ತಲೆಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆ. ನೆದರ್‌ಲೆಂಡ್ಸಿನಲ್ಲಿ ಇದಕ್ಕೆಂದೇ ತರಬೇತಿ ಪಡೆದ ವೈದ್ಯರು ಲ್ಯಾಪ್ರೊಸ್ಕೋಪಿಯನ್ನೂ ಹೊಟ್ಟೆ ತೆರೆದು ಮಾಡುವ ಕ್ರಮವನ್ನೂ ಹೋಲಿಸಿ ನಡೆಸಿದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2019ರಲ್ಲಿ ಪ್ರಕಟವಾದ ಅದರ ವರದಿಯಂತೆ, 90 ದಿನಗಳೊಳಗೆ ತೊಡಕುಗಳಿಂದ ಲ್ಯಾಪ್ರೊಸ್ಕೋಪಿ ಗುಂಪಿನ 50 ಜನರಲ್ಲಿ 5 ಜನ, ತೆರೆದ ಶಸ್ತ್ರಚಿಕಿತ್ಸೆಯ 49 ಜನರಲ್ಲಿ ಒಬ್ಬರು ತೀರಿಕೊಂಡಿದ್ದರು. ಇಂಥ ಶಸ್ತ್ರಚಿಕಿತ್ಸೆಯನ್ನು ಸಣ್ಣ ರಂಧ್ರಗಳಿಂದಲೇ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅದನ್ನು ವರ್ಷವಿಡೀ ಮಾಡುತ್ತಿರುವ ದೊಡ್ಡ ಕೇಂದ್ರವೊಂದರಲ್ಲಿ ಎರಡನೆಯ ಅಭಿಪ್ರಾಯ ಪಡೆಯದೆ ಒಪ್ಪಬೇಡಿ. ಬೆಳಗಾವಿಗೋ ಬೆಂಗಳೂರಿಗೋ ಹೋಗುವ ಖರ್ಚು ಇಲ್ಲಿ ಸಾರ್ಥಕ.

ಚೀಟಿಯಲ್ಲಿ ನಿಮ್ಮ ದೇಹದ ಸ್ಥಿತಿಯೂ ಸೇರಲಿ. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಪಿತ್ತಕೋಶ ಪದೇಪದೇ ಬಾತು ಗಟ್ಟಿಯಾಗಿದ್ದರೆ, ದೇಹದ ತೂಕ ಹೆಚ್ಚಿದ್ದರೆ, ಹರ್ನಿಯಾ ಎರಡನೆಯ ಬಾರಿ ಬಂದಿದ್ದರೆ ಸುಲಭವಾದ ಶಸ್ತ್ರಚಿಕಿತ್ಸೆಯೂ ಕಠಿಣವಾಗುತ್ತದೆ. ಈ ಮಾಹಿತಿಯನ್ನು ಕೇಳುವವರೆಗೆ ಕಾಯದೆ ನೀವೇ ಹೇಳಿ.

ಎರಡನೆಯ ಹೆಜ್ಜೆ: ಕೇಳಬೇಕಾದದ್ದನ್ನು ನೇರವಾಗಿ, ಗೌರವದಿಂದ ಕೇಳಿ

ನಮ್ಮ ಭಾಗದಲ್ಲಿ ಡಾಕ್ಟರ್ ಸಾಹೇಬರಿಗೆ ಎದುರು ಪ್ರಶ್ನೆ ಹಾಕುವುದು ಮರ್ಯಾದೆ ತಪ್ಪಿದಂತೆ ಎಂದು ಹಿರಿಯರು ಭಾವಿಸುತ್ತಾರೆ. ಕೇಳುವ ಬಗೆ ಸರಿಯಿದ್ದರೆ ಹಾಗೇನೂ ಆಗುವುದಿಲ್ಲ. "ಸರ, ಈ ಆಪರೇಷನ್ ಈ ಮಷಿನ್ ಮ್ಯಾಲೆ ನೀವು ಎಷ್ಟ್ ಮಂದಿಗೆ ಮಾಡೀರಿ? ನಮ್ಮ ಅವ್ವಗ ಮಾಡೋ ಮುಂದ ನಿಮ್ಮ ಜೋಡಿ ಯಾರಿರ್ತಾರ?" ಎಂದು ಕೇಳಿದರೆ ಅದರಲ್ಲಿ ಸಂಶಯವೂ ಇಲ್ಲ, ಸವಾಲೂ ಇಲ್ಲ. ನನ್ನ ತಿಳಿವಳಿಕೆಯಲ್ಲಿ, ತಮ್ಮ ಲೆಕ್ಕ ತಮಗೆ ಗೊತ್ತಿರುವ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಸಿಡಿಮಿಡಿಗೊಂಡರೆ ಅದನ್ನೂ ಒಂದು ಉತ್ತರವೆಂದೇ ಗಮನಿಸಿ.

ಒಟ್ಟು ಸಂಖ್ಯೆಯನ್ನು ಕೇಳಿದ ಮೇಲೆ ಕಳೆದ ಒಂದು ವರ್ಷದಲ್ಲಿ ಎಷ್ಟು ಎಂದೂ ಕೇಳಿ, ಏಕೆಂದರೆ ಹತ್ತು ವರ್ಷದ ಹಿಂದೆ ಪಳಗಿ ಈಗ ಅಪರೂಪಕ್ಕೆ ಮಾಡುವ ಕೈ ಮೊದಲಿನಂತಿರುವುದಿಲ್ಲ. ಆಮೇಲೆ ಎಷ್ಟು ಪ್ರಕರಣಗಳಲ್ಲಿ ನಡುವೆ ಹೊಟ್ಟೆ ತೆರೆಯಬೇಕಾಯಿತು, ಎಷ್ಟು ಜನ ಒಂದು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಬೇಕಾಯಿತು, ಎಷ್ಟು ಜನರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಯಿತು ಎಂಬುದಕ್ಕೆ ಬನ್ನಿ. "ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ" ಎಂಬ ಪ್ರಶ್ನೆಗೆ ಹೆಚ್ಚು ಬೆಲೆ ಕೊಡಬೇಡಿ.

ಕೊನೆಯ ಈ ಮಾತಿಗೆ ಕಾರಣ ಹೇಳಬೇಕು, ಏಕೆಂದರೆ ಕಲಿಕಾ ರೇಖೆಯ ಬಗ್ಗೆ ಸಾಮಾನ್ಯವಾಗಿ ಆಗುವ ತಪ್ಪು ಇಲ್ಲಿಯೇ ಇದೆ. ಒಂದೇ ಶಸ್ತ್ರಚಿಕಿತ್ಸೆಯೊಳಗೂ ರೇಖೆಗಳು ಹಲವು, ಅವು ಒಟ್ಟಿಗೆ ಸಮಗೊಳ್ಳುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ರೋಬೋಟ್ ಬಳಸಿ ನಡೆಸಿದ ಮೇದೋಜೀರಕ ಗ್ರಂಥಿಯ 200 ಶಸ್ತ್ರಚಿಕಿತ್ಸೆಗಳನ್ನು ಕುರಿತ 2015ರ ವರದಿಯಲ್ಲಿ ರಕ್ತನಷ್ಟ ಮತ್ತು ನಡುವೆ ಹೊಟ್ಟೆ ತೆರೆಯಬೇಕಾದ ಪ್ರಮಾಣ 20 ಪ್ರಕರಣಗಳ ನಂತರ ಸುಧಾರಿಸಿದವು, ಗ್ರಂಥಿಯ ರಸ ಸೋರುವ ತೊಡಕು 40ರ ನಂತರ ತಗ್ಗಿತು, ಸಮಯ 80ರ ನಂತರ ಇಳಿಯಿತು. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಈ ಅನುಕ್ರಮ ತಿರುಗುಮುರುಗಾಗಬಹುದು: ಹರ್ನಿಯಾದಲ್ಲಿ ವೇಗ ಬೇಗ ಬರುತ್ತದೆ, ಆದರೆ ಮರುಕಳಿಸುವುದೋ ಇಲ್ಲವೋ ಎಂಬುದು ವರ್ಷಗಳ ನಂತರವಷ್ಟೇ ಗೊತ್ತಾಗುತ್ತದೆ, ಕ್ಯಾನ್ಸರಿನಲ್ಲಂತೂ ನಿಜವಾದ ಅಳತೆ ಐದು ವರ್ಷದ ಬದುಕು. ಸಮಯವನ್ನು ಅಳೆಯುವುದು ಸುಲಭವಾದ್ದರಿಂದ ಬಹುಪಾಲು ಅಧ್ಯಯನಗಳು ಅದನ್ನೇ ಅಳೆಯುತ್ತವೆ. ರೋಗಿಗೆ ಬೇಕಾದದ್ದು ಅದಲ್ಲ.

"ನಮ್ಮಲ್ಲಿ ಒಂದೂ ತೊಂದರೆ ಆಗಿಲ್ಲ" ಎಂಬ ಉತ್ತರ ಬಂದರೆ, ಎಷ್ಟು ಜನರಲ್ಲಿ ಎಂದು ಕೇಳಿ ಒಂದು ಸರಳ ಲೆಕ್ಕ ಮಾಡಿ. ಸಂಖ್ಯಾಶಾಸ್ತ್ರದಲ್ಲಿ ಒಂದು ಹಳೆಯ ಸೂತ್ರವಿದೆ: ಒಂದೂ ತೊಡಕಾಗದ ಪ್ರಕರಣಗಳ ಸಂಖ್ಯೆಯಿಂದ 3ನ್ನು ಭಾಗಿಸಿದರೆ, ನಿಜವಾದ ಅಪಾಯ ಎಲ್ಲಿಯವರೆಗೆ ಇರಬಹುದು ಎಂಬುದರ ಮೇಲಿನ ಮಿತಿ ಸಿಗುತ್ತದೆ. 30 ಜನರಲ್ಲಿ ಏನೂ ಆಗಿಲ್ಲವೆಂದರೆ ಅಪಾಯ ಶೇ 10ರವರೆಗೂ ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗುವುದಿಲ್ಲ. 300 ಜನರಲ್ಲಿ ಏನೂ ಆಗಿಲ್ಲವೆಂದರೆ ಅದು ಶೇ 1ರೊಳಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಆದ್ದರಿಂದ ನೂರಾರು ಪ್ರಕರಣ ಮಾಡಿ, "ಇಷ್ಟು ಜನರಲ್ಲಿ ಸೋರಿಕೆಯಾಯಿತು, ಒಬ್ಬರಿಗೆ ಮತ್ತೆ ಹೊಟ್ಟೆ ತೆರೆದೆವು" ಎಂದು ಲೆಕ್ಕ ಕೊಡುವ ವೈದ್ಯರು ಹತ್ತಿಪ್ಪತ್ತು ಪ್ರಕರಣ ಮಾಡಿ ಶೂನ್ಯ ಎನ್ನುವವರಿಗಿಂತ ಹೆಚ್ಚು ನಂಬಿಕೆಗೆ ಅರ್ಹರು.

ಕೆಲವು ಶಸ್ತ್ರವೈದ್ಯರು ತಮ್ಮ ಪ್ರಕರಣಗಳನ್ನು ಕ್ಯೂಸಮ್ ಎಂಬ ನಕ್ಷೆಯಲ್ಲಿ ಗುರುತಿಸುತ್ತಾರೆ. 1954ರಲ್ಲಿ ಇ.ಎಸ್. ಪೇಜ್ ಎಂಬ ಸಂಖ್ಯಾಶಾಸ್ತ್ರಜ್ಞರು ಕಾರ್ಖಾನೆಯ ಗುಣಮಟ್ಟ ನೋಡಿಕೊಳ್ಳಲು ರೂಪಿಸಿದ ಈ ಕ್ರಮ 1994ರಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಬಂದು, ಅಲ್ಲಿಂದ ಹೊಟ್ಟೆಯ ಶಸ್ತ್ರಚಿಕಿತ್ಸೆಗೂ ಹರಡಿತು. ಒಳ್ಳೆಯ ಫಲಿತಾಂಶ ಬಂದಾಗಲೆಲ್ಲ ಗೆರೆ ಸ್ವಲ್ಪ ಕೆಳಗಿಳಿಯುತ್ತದೆ, ತೊಡಕಾದಾಗ ಒಮ್ಮೆಲೇ ಮೇಲೇರುತ್ತದೆ. ಗೆರೆ ಏರುತ್ತಲೇ ಹೋದರೆ ನಿಂತು ಕಾರಣ ಹುಡುಕಬೇಕು. ಹೀಗೆ ತಮ್ಮನ್ನು ತಾವೇ ಅಳೆದುಕೊಳ್ಳುವ ವೈದ್ಯರು ಸಿಕ್ಕರೆ ಅದು ರೋಗಿಯ ಪುಣ್ಯ. ನಕ್ಷೆ ಇಲ್ಲದಿದ್ದರೂ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಕರಣ ಬರೆದಿಟ್ಟಿದ್ದರೆ ಅದು ಸಾಕು.

ಪಿತ್ತಕೋಶದ ರೋಗಿಗಳು ಇನ್ನೊಂದನ್ನು ಕೇಳಬಹುದು: ಶಸ್ತ್ರಚಿಕಿತ್ಸೆಯ ವಿಡಿಯೊ ದಾಖಲಿಸುತ್ತೀರಾ, ನಾಳಗಳನ್ನು ಮುಚ್ಚುವ ಕ್ಲಿಪ್ ಹಾಕುವ ಮುಂಚೆ ಆ ಜಾಗದ ಚಿತ್ರ ತೆಗೆದಿಡುತ್ತೀರಾ? ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಹೇಳಿದ ಸುರಕ್ಷಾ ನಿಯಮದಂತೆ, ಯಕೃತ್ತು ಮತ್ತು ಪಿತ್ತನಾಳದ ನಡುವಿನ ತ್ರಿಕೋನವನ್ನು ಪೂರ್ತಿ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಪಿತ್ತಕೋಶಕ್ಕೆ ಎರಡೇ ಎರಡು ಕೊಳವೆಗಳು ಸೇರುತ್ತಿವೆ ಎಂದು ಕಣ್ಣಾರೆ ಕಂಡ ಮೇಲಷ್ಟೇ ಕತ್ತರಿಸಬೇಕು. ಆ ನೋಟದ ಚಿತ್ರ ದಾಖಲೆಯಲ್ಲಿದ್ದರೆ ನಿಯಮ ಪಾಲಿಸಿದ್ದಕ್ಕೆ ಸಾಕ್ಷಿ. ವಿಡಿಯೊಗಳ ಮಹತ್ವ ಇಷ್ಟಕ್ಕೇ ಮುಗಿಯುವುದಿಲ್ಲ. ಮಿಶಿಗನ್ ರಾಜ್ಯದಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡುವ 20 ವೈದ್ಯರ ವಿಡಿಯೊಗಳಿಗೆ, ಮಾಡಿದವರು ಯಾರೆಂದು ತಿಳಿಸದೆ, ಸಹವೈದ್ಯರಿಂದ ಅಂಕ ಕೊಡಿಸಿದಾಗ, ಕೌಶಲದಲ್ಲಿ ಕೆಳಗಿನ ಕಾಲುಭಾಗದವರ ರೋಗಿಗಳಲ್ಲಿ ತೊಡಕು ಶೇ 14.5, ಮೇಲಿನ ಕಾಲುಭಾಗದವರಲ್ಲಿ ಶೇ 5.2 ಎಂದು 2013ರಲ್ಲಿ ವರದಿಯಾಯಿತು. ಎಣಿಕೆ ಮುಖ್ಯ, ಆದರೆ ಎಣಿಕೆಯೊಂದೇ ಕೌಶಲವಲ್ಲ. ತನ್ನ ಕೆಲಸವನ್ನು ಇತರರು ನೋಡಲು ಬಿಡುವ ಮನಸ್ಸು ಕೌಶಲದ ಹತ್ತಿರದ ನೆಂಟ.

ಮೂರನೆಯ ಹೆಜ್ಜೆ: ವೈದ್ಯರು ಇನ್ನೂ ಕಲಿಯುವ ಹಂತದಲ್ಲಿದ್ದರೆ

ಸಂಖ್ಯೆ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಎದ್ದು ಹೋಗಬೇಕಾಗಿಲ್ಲ. ಸುತ್ತ ಏನು ವ್ಯವಸ್ಥೆ ಇದೆ ಎಂಬುದನ್ನು ನೋಡಿ. ಅದೇ ಶಸ್ತ್ರಚಿಕಿತ್ಸೆಯಲ್ಲಿ ನುರಿತ ಹಿರಿಯರು ಇಡೀ ಅವಧಿ ಥಿಯೇಟರಿನಲ್ಲೇ ಇರುತ್ತಾರೆಯೇ, ಫೋನಿನಲ್ಲಿ ಸಿಗುತ್ತಾರೆ ಎಂಬುದಷ್ಟೇಯೇ? ಈ ಎರಡರ ನಡುವೆ ಬಹಳ ಅಂತರವಿದೆ. ರೋಬೋಟ್ ಆದರೆ ಗುರು ಮತ್ತು ಶಿಷ್ಯರಿಬ್ಬರಿಗೂ ಪ್ರತ್ಯೇಕ ನಿಯಂತ್ರಣ ಪೀಠವಿದ್ದು, ಗುರುಗಳು ಬೇಕೆಂದಾಗ ಹತೋಟಿಯನ್ನು ತಮ್ಮ ಕೈಗೆ ತೆಗೆದುಕೊಳ್ಳುವ ಏರ್ಪಾಡು ಕೆಲವೆಡೆ ಇರುತ್ತದೆ. ಅದು ಇಲ್ಲಿ ಇದೆಯೇ ಎಂದು ಕೇಳಿ. ಮಾದರಿ ಪೆಟ್ಟಿಗೆ ಅಥವಾ ಸಿಮ್ಯುಲೇಟರಿನ ಮೇಲೆ ಅಭ್ಯಾಸವಾಗಿದೆಯೇ ಎಂಬುದೂ ಮುಖ್ಯ. 2002ರ ಒಂದು ಪ್ರಯೋಗದಲ್ಲಿ ಸಿಮ್ಯುಲೇಟರಿನಲ್ಲಿ ಮೊದಲೇ ಪಳಗಿದ ಕಿರಿಯ ವೈದ್ಯರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರು. ಹಾಗೆ ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶವನ್ನು ಸುಡುವ ಸಾಧ್ಯತೆ ಐದು ಪಟ್ಟು ಇತ್ತು.

ಆರಂಭದ ಪ್ರಕರಣಗಳಿಗೆ ಸುಲಭವಾದ ರೋಗಿಗಳನ್ನೇ ಆರಿಸಿಕೊಳ್ಳಬೇಕು ಎಂಬುದು ತರಬೇತಿಯ ಮೂಲ ನಿಯಮ. ನಿಮ್ಮದು ಕಠಿಣ ಪ್ರಕರಣವಾಗಿದ್ದು, ವೈದ್ಯರು ಆರಂಭಿಕ ಹಂತದಲ್ಲಿದ್ದು, ಜೊತೆಗೆ ಹಿರಿಯರೂ ಇಲ್ಲವೆಂದರೆ ಮೂರೂ ಸೇರಿದಲ್ಲಿ ಒಪ್ಪಬೇಡಿ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಅದೇ ವೈದ್ಯರ ಕೈ ಚೆನ್ನಾಗಿ ಪಳಗಿದ್ದರೆ ಆ ದಾರಿಯನ್ನು ಕೇಳಿ ನೋಡಿ. ದೊಡ್ಡ ಗಾಯ ಮಾಯಲು ಕೆಲವು ವಾರ ಹೆಚ್ಚು ಬೇಕಾದೀತು.

ಸರ್ಕಾರಿ ಕಾಲೇಜು ಆಸ್ಪತ್ರೆಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. 1957ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ಈಗಲೂ ಕಿಮ್ಸ್ ಎಂದೇ ಉಳಿದಿರುವ ಹುಬ್ಬಳ್ಳಿಯ ಆಸ್ಪತ್ರೆ ಇರಲಿ, ಗದಗಿನ ಜಿಮ್ಸ್ ಇರಲಿ, ಅಲ್ಲಿಗೆ ಹೋದರೆ ಕಲಿಯುವ ಹುಡುಗರು ಕೊಯ್ಯುತ್ತಾರೆ ಎಂಬ ಭಯ ಹಳ್ಳಿಗಳಲ್ಲಿ ಇದೆ. ಕಲಿಕೆ ಅಲ್ಲಿ ನಡೆಯುವುದು ನಿಜ. ಆದರೆ ಪ್ರಾಧ್ಯಾಪಕರ ಎದುರಿನಲ್ಲಿ, ಹಂತಹಂತವಾಗಿ, ಕಿರಿಯರಿಗೆ ಇಡೀ ಶಸ್ತ್ರಚಿಕಿತ್ಸೆಯಲ್ಲ, ಅದರ ಒಂದೊಂದು ಭಾಗವನ್ನು ಕೊಟ್ಟು ನಡೆಸುವ ಕಲಿಕೆ ಒಂಟಿಯಾಗಿ, ಯಾರ ಕಣ್ಣಿಗೂ ಬೀಳದೆ ನಡೆಯುವ ಕಲಿಕೆಗಿಂತ ಎಷ್ಟೋ ಸುರಕ್ಷಿತ. ಅಂಥ ಒಂಟಿ ಕಲಿಕೆ ದೊಡ್ಡ ಖಾಸಗಿ ಕಟ್ಟಡದೊಳಗೂ ನಡೆಯಬಹುದು. ಜೊತೆಗೆ ನ್ಯಾಯದ ಪ್ರಶ್ನೆಯೂ ಇದೆ: ಹೊಸ ಕೈಗಳ ಮೊದಲ ರೋಗಿಗಳಾಗುವ ಭಾರ ಪ್ರಶ್ನೆ ಕೇಳಲಾರದ ಬಡವರ ಮೇಲಷ್ಟೇ ಬೀಳಬಾರದು. ಬಿ.ಪಿ.ಎಲ್. ಕಾರ್ಡ್ ಹಿಡಿದು ಬಂದ ಕೂಲಿಕಾರರಿಗೂ ಈ ಲೇಖನದ ಎಲ್ಲ ಪ್ರಶ್ನೆಗಳನ್ನು ಕೇಳುವ ಹಕ್ಕಿದೆ, ಅವರಿಗೆ ತಿಳಿಯುವ ಕನ್ನಡದಲ್ಲಿ ಉತ್ತರ ಕೊಡುವ ಹೊಣೆ ಆಸ್ಪತ್ರೆಗಿದೆ.

ನಾಲ್ಕನೆಯ ಹೆಜ್ಜೆ: ರೋಬೋಟ್ ಏಕೆ ಎಂದು ಕೇಳಿ

ರೋಬೋಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಸೊಂಟದೊಳಗಿನ ಇಕ್ಕಟ್ಟಾದ ಜಾಗದಲ್ಲಿ ಹೊಲಿಗೆ ಹಾಕುವಾಗ ಅದರ ಉಪಯೋಗ ನಿಜವಾದದ್ದು. ಆದರೆ ನಿಮ್ಮ ಕಾಯಿಲೆಗೆ ಅದು ಲ್ಯಾಪ್ರೊಸ್ಕೋಪಿಗಿಂತ ಏನು ಹೆಚ್ಚು ಕೊಡುತ್ತದೆ ಎಂಬುದಕ್ಕೆ ನಿರ್ದಿಷ್ಟ ಉತ್ತರ ಬೇಕು. ಗುದನಾಳದ ಕ್ಯಾನ್ಸರಿನ 471 ರೋಗಿಗಳಲ್ಲಿ ಎರಡನ್ನೂ ಹೋಲಿಸಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: ನಡುವೆ ಹೊಟ್ಟೆ ತೆರೆಯಬೇಕಾದದ್ದು ರೋಬೋಟಿನಲ್ಲಿ ಶೇ 8.1, ಲ್ಯಾಪ್ರೊಸ್ಕೋಪಿಯಲ್ಲಿ ಶೇ 12.2, ಅದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟು ದೊಡ್ಡ ವ್ಯತ್ಯಾಸವಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ 2018ರ ಪ್ರಯೋಗವೊಂದು ಇನ್ನೂ ಗಂಭೀರವಾದದ್ದನ್ನು ತೋರಿಸಿತು. ಲ್ಯಾಪ್ರೊಸ್ಕೋಪಿ ಅಥವಾ ರೋಬೋಟ್ ಬಳಸಿ ಗರ್ಭಕೋಶವನ್ನು ವಿಸ್ತಾರವಾಗಿ ತೆಗೆದವರಲ್ಲಿ ನಾಲ್ಕೂವರೆ ವರ್ಷಗಳ ನಂತರ ಕಾಯಿಲೆ ಮರಳದೆ ಇದ್ದವರು ಶೇ 86, ಹೊಟ್ಟೆ ತೆರೆದು ತೆಗೆದವರಲ್ಲಿ ಶೇ 96.5. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಬೋಟ್ ಬಳಕೆಯ ಬಗ್ಗೆ ಎಚ್ಚರಿಕೆ ನೀಡಿತು. ಎಲ್ಲ ಕ್ಯಾನ್ಸರ್‌ಗಳಿಗೂ ಇದನ್ನು ವಿಸ್ತರಿಸಬಾರದು, ದೊಡ್ಡ ಕರುಳಿನಲ್ಲಿ ಲ್ಯಾಪ್ರೊಸ್ಕೋಪಿ ಗಟ್ಟಿಯಾಗಿ ನೆಲೆಗೊಂಡಿದೆ. ಆದರೆ ಗರ್ಭಕಂಠದ ಕ್ಯಾನ್ಸರ್ ಇದ್ದವರು ಈ ಪ್ರಶ್ನೆ ಕೇಳದೆ ಮುಂದುವರಿಯಬಾರದು.

ಖರ್ಚಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅಥವಾ ಯಶಸ್ವಿನಿಯ ಅಡಿಯಲ್ಲಿ ಬರುವವರು ಪ್ಯಾಕೇಜಿನಲ್ಲಿ ಯಾವ ವಿಧಾನ ಸೇರಿದೆ, ಮೇಲೆ ಏನಾದರೂ ಕಟ್ಟಬೇಕೇ ಎಂಬುದನ್ನು ದಾಖಲಾಗುವ ಮುಂಚೆಯೇ ಕೇಳಿ, ಆಯುಷ್ಮಾನ್ ವಿಷಯವಾದರೆ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಲ್ಲಿ ಖಚಿತಪಡಿಸಿಕೊಳ್ಳಿ. ಖಾಸಗಿ ವಿಮೆ ಇದ್ದವರಿಗೆ, ರೋಬೋಟಿಕ್ ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಪೂರ್ತಿ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ ಹೇಳಿತ್ತು, ಆದರೆ ಕಂಪನಿಗಳು ಅದಕ್ಕೆ ಪ್ರತ್ಯೇಕ ಮಿತಿ ಹಾಕಲು ಅವಕಾಶ ಕೊಟ್ಟಿತ್ತು; ನಿಮ್ಮ ಪಾಲಿಸಿಯಲ್ಲಿ ಅಂಥ ಮಿತಿ ಇದೆಯೇ ಎಂದು ಹುಡುಕಿ ನೋಡಿ.

ಐದನೆಯ ಹೆಜ್ಜೆ: ಸಮ್ಮತಿ ಪತ್ರವನ್ನು ಓದಿಸಿಕೊಂಡು ಸಹಿ ಮಾಡಿ

ಸಮ್ಮತಿ ಪತ್ರ ಕನ್ನಡದಲ್ಲಿರಲಿ ಎಂದು ಕೇಳಿ. ಇಂಗ್ಲಿಷಿನಲ್ಲೇ ಇದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಯಾವ ವೈದ್ಯರು ಮಾಡುತ್ತಾರೆ ಎಂಬ ಹೆಸರು ಅದರಲ್ಲಿರಬೇಕು. ಸುರಕ್ಷತೆಗೆ ಅಗತ್ಯವೆನಿಸಿದರೆ ಹೊಟ್ಟೆ ತೆರೆಯಲು ನಿಮ್ಮ ಒಪ್ಪಿಗೆ ಇದೆ ಎಂಬ ಸಾಲೂ ಇರಬೇಕು, ಅದಕ್ಕೆ ಮನಃಪೂರ್ವಕವಾಗಿ ಒಪ್ಪಿ. ರಂಧ್ರಗಳಿಂದ ಆರಂಭಿಸಿ ನಡುವೆ ಹೊಟ್ಟೆ ತೆರೆದರೆ ಅದನ್ನು ಸೋಲೆಂದು ಕುಟುಂಬದವರು ಜಗಳಕ್ಕಿಳಿಯುವುದುಂಟು. ನಿಜ ಹೇಳಬೇಕೆಂದರೆ ನಿಲ್ಲಬೇಕಾದ ಕಡೆ ನಿಲ್ಲುವುದೇ ಪಳಗಿದ ಕೈಯ ಲಕ್ಷಣ. ಪಿತ್ತಕೋಶ ವಿಪರೀತ ಅಂಟಿಕೊಂಡಿದ್ದಾಗ ಅದರ ಒಂದು ಭಾಗವನ್ನು ಮಾತ್ರ ತೆಗೆದು, ಪಿತ್ತನಾಳದ ಹತ್ತಿರ ಹೋಗದೆ ಮುಗಿಸುವುದೂ ಅಂಥದೇ ವಿವೇಕ. "ಹೊಟ್ಟಿ ತೆರೀಬ್ಯಾಡ್ರಿ, ಏನಾದ್ರೂ ಆಗಲಿ" ಎಂದು ವೈದ್ಯರ ಮೇಲೆ ಒತ್ತಡ ಹೇರುವುದು ರೋಗಿಗೇ ಕೇಡು ಮಾಡುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಪರೀಕ್ಷೆಗೆಂದು ಲ್ಯಾಪ್ರೊಸ್ಕೋಪಿಗೆ ಒಪ್ಪಿದ ಮಹಿಳೆಯೊಬ್ಬರ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಅವರು ಅರಿವಳಿಕೆಯಲ್ಲಿದ್ದಾಗ ತೆಗೆದುಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ, ಜೀವ ಉಳಿಸುವ ತುರ್ತು ಇದ್ದಾಗಷ್ಟೇ ಅದಕ್ಕೆ ವಿನಾಯಿತಿ. ಆದ್ದರಿಂದ ಯಾವ ಅಂಗವನ್ನು ಯಾವ ಸಂದರ್ಭದಲ್ಲಿ ತೆಗೆಯಬಹುದು, ಯಾವುದನ್ನು ತೆಗೆಯುವಂತಿಲ್ಲ ಎಂಬುದನ್ನು ಬರೆಸಿ.

ಆರನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಲ್ಯಾಪ್ರೊಸ್ಕೋಪಿಯ ನಂತರ ಪ್ರತಿದಿನವೂ ಹಿಂದಿನ ದಿನಕ್ಕಿಂತ ಸ್ವಲ್ಪ ಹಗುರವೆನಿಸಬೇಕು. ತುಂಬಿದ ಅನಿಲದಿಂದ ಭುಜದಲ್ಲಿ ಒಂದೆರಡು ದಿನ ನೋವಿರುವುದು ಸಹಜ. ಆದರೆ ಹೊಟ್ಟೆನೋವು ಇಳಿಯುವ ಬದಲು ಏರುತ್ತಿದ್ದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಎದೆಬಡಿತ ಜೋರಾದರೆ, ಕಣ್ಣು ಹಳದಿಯಾಗಿ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಗ್ಯಾಸ್ ಎಂದು ಸುಮ್ಮನಾಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕರುಳಿಗಾದ ಸಣ್ಣ ಗಾಯ, ಪಿತ್ತರಸದ ಸೋರಿಕೆ ಕೆಲವೊಮ್ಮೆ ಎರಡು-ಮೂರು ದಿನ, ಇನ್ನೂ ತಡವಾಗಿಯೂ ಬೆಳಕಿಗೆ ಬರುತ್ತವೆ, ಅಷ್ಟರಲ್ಲಿ ರೋಗಿ ಊರು ಸೇರಿರುತ್ತಾರೆ. ಹಿರೇಕೆರೂರಿನಿಂದಲೋ ಶಿರಹಟ್ಟಿಯಿಂದಲೋ ರಾತ್ರಿ ವಾಹನ ಸಿಗುವುದು ಕಷ್ಟವಾದ್ದರಿಂದ, ದೊಡ್ಡ ಶಸ್ತ್ರಚಿಕಿತ್ಸೆಯಾದವರು ಮೊದಲ ಕೆಲವು ದಿನ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬಂಧುಗಳ ಮನೆಯಲ್ಲಿ ಉಳಿಯುವುದು ಲೇಸು. ರಾತ್ರಿ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ.

ಆಪರೇಷನ್ ಟಿಪ್ಪಣಿ, ಡಿಸ್ಚಾರ್ಜ್ ಕಾರ್ಡ್, ತೆಗೆದ ಭಾಗದ ಬಯಾಪ್ಸಿ ವರದಿ ಮೂರನ್ನೂ ಕೇಳಿ ಪಡೆಯಿರಿ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ಮುಂದೆ ಎಂದಾದರೂ ಅದೇ ಜಾಗದಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದರೆ, ಒಳಗೆ ಏನು ಮಾಡಿದ್ದಾರೆ ಎಂಬುದು ಮುಂದಿನ ವೈದ್ಯರಿಗೆ ಆ ಟಿಪ್ಪಣಿಯಿಂದ ಮಾತ್ರ ತಿಳಿಯುತ್ತದೆ.

ಚೆನ್ನಾಗಿದ್ದರೂ ಒಂದು ತಿಂಗಳಿಗೆ ಹೋಗಿ ತೋರಿಸಿಬನ್ನಿ. ತೊಂದರೆಯಾಗಿ ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಹರ್ನಿಯಾ ಎರಡು ವರ್ಷದ ನಂತರ ಮರುಕಳಿಸಿದರೆ, ಮೊದಲು ಆಪರೇಷನ್ ಮಾಡಿದ ವೈದ್ಯರಿಗೆ ಒಂದು ಫೋನ್ ಮಾಡಿಯಾದರೂ ತಿಳಿಸಿ. ಮುನಿಸಿಕೊಂಡು ಸುಮ್ಮನಿದ್ದರೆ ಅವರ ಪುಸ್ತಕದಲ್ಲಿ ನಿಮ್ಮ ಪ್ರಕರಣ ಯಶಸ್ಸಿನ ಖಾತೆಯಲ್ಲೇ ಉಳಿದುಬಿಡುತ್ತದೆ, ಮುಂದಿನ ರೋಗಿ ಬಂದು ಕೇಳಿದಾಗ ಅವರು ಪ್ರಾಮಾಣಿಕವಾಗಿಯೇ ತಪ್ಪು ಲೆಕ್ಕ ಕೊಡಬೇಕಾಗುತ್ತದೆ.